ಸೀನು ಬಾರದ ರತ್ನಗಂಬಳಿ

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನದ ಊಟವಾಗಿ, ಒಂದಿಷ್ಟು ಕಣ್ಣು ಮುಚ್ಚಿದರೆ ಸಾಕು ಎನ್ನುವ ಹೊತ್ತು. ಆಗ ಕರೆಗಂಟೆ ಬಾರಿಸಿದವನಿಗೆ ಬಾಗಿಲು ತೆಗೆದದ್ದು ನಮ್ಮ ಅಳಿಯಂದಿರು. ನನ್ನ ಮಗಳು ತೆಗೆದಿದ್ದರೆ ಈ ಕಥೆ ಹೊಸಿಲಲ್ಲೇ ಮುಗಿಯುತ್ತಿತ್ತು. ಬಂದವರಿಗೆ ಬೇಡ ಅನ್ನುವುದು ಅವಳಿಗೆ ಗೊತ್ತು. ಅಳಿಯಂದಿರಿಗೆ ಅದು ಕೆಲಸದ ಜಾಗದಲ್ಲಿ ಮಾತ್ರ ಗೊತ್ತು.

ಅಲ್ಲಿ ಅವರು ದಿನವಿಡೀ ಹೇಳುವುದು ಅದೊಂದೇ ಮಾತು. ಬಸ್ಸು ಡಿಪೋದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನು ಇಡುವ ಕೋಣೆಯೊಂದಿದೆ. ಅದು ಇವರ ಸುಪರ್ದಿ. ಕೊಡೆ ಕಳೆದುಕೊಂಡವನು ಬಂದು, ಅಗೋ ಅಲ್ಲಿ ನೇತಾಡುತ್ತಿರುವುದೇ ನನ್ನದು ಎಂದು ಕೈತೋರಿಸಿದರೂ ಇವರು ಕೊಡುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತು ಗುರುತು ಹೇಳಬೇಕು. ಹಿಡಿ ಯಾವ ಬಣ್ಣ, ಕಡ್ಡಿ ಎಲ್ಲಿ ಮುರಿದಿದೆ, ಬಟ್ಟೆಗೆ ತೇಪೆ ಇದೆಯೋ ಇಲ್ಲವೋ. ಒಂದು ತಪ್ಪಿದರೂ ಆ ಮನುಷ್ಯ ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಹೋಗಬೇಕು. ಒಮ್ಮೆ ಹಲ್ಲಿನ ಸೆಟ್ಟು ಕಳೆದುಕೊಂಡ ಮುದುಕರೊಬ್ಬರನ್ನು, ಗುರುತು ಸ್ಪಷ್ಟವಾಗಿ ಹೇಳುತ್ತಿಲ್ಲ ಎಂದು ವಾಪಸ್ಸು ಕಳಿಸಿದ್ದರು. ಹಲ್ಲಿಲ್ಲದೆ ಸ್ಪಷ್ಟವಾಗಿ ಹೇಳುವುದು ಹೇಗೆ ಎಂದು ಆ ಮುದುಕರು ಕೇಳಿದ್ದೂ ಇವರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ.

ಬಾಗಿಲಲ್ಲಿ ನಿಂತಿದ್ದವನು ವ್ಯಾಕ್ಯೂಮ್ ಕ್ಲೀನರ್ ಮಾರುವವನು. ಕೊರಳಿಗೆ ಟೈ, ಹೆಗಲಿಗೆ ಸೊಂಡಿಲಿನಂಥ ಕೊಳವೆ. ನಮ್ಮ ಹಾಲಿನಲ್ಲಿ ರತ್ನಗಂಬಳಿ ಕಂಡದ್ದೇ ತಡ, ಕೇಳದೆಯೇ ಚಪ್ಪಲಿ ಬಿಟ್ಟು ಒಳಗೆ ಬಂದ.

ಆ ರತ್ನಗಂಬಳಿ ನಮ್ಮದಲ್ಲ, ಅಳಿಯಂದಿರ ಅಕ್ಕನದು. ಅದರ ಮೇಲೆ ಅವರ ತಂದೆ, ಅಂದರೆ ನನ್ನ ಬೀಗರು, ಇದ್ದಷ್ಟು ಕಾಲವೂ ಸಂಜೆ ಹೊತ್ತು ಕೂತಿರುತ್ತಿದ್ದರು. ಅವರಿಗೆ ನಶ್ಯದ ಅಭ್ಯಾಸ. ಚಿಟಿಕೆ ಮೂಗಿಗೆ ಹೋದಷ್ಟೇ ನೆಲಕ್ಕೂ ಬೀಳುತ್ತಿತ್ತು. ಬಿದ್ದದ್ದನ್ನು ಅವರು ಅಂಗಾಲಿನಿಂದ ತಿಕ್ಕಿ ರತ್ನಗಂಬಳಿಯೊಳಕ್ಕೆ ಇಳಿಸುತ್ತಿದ್ದರು. ಹಾಗೆ ಮಾಡಿದರೆ ಉಣ್ಣೆಗೆ ಹುಳ ಹಿಡಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಈ ಮದ್ದು ಉದುರಿಹೋದೀತೆಂದು ಅದನ್ನು ಒದರುವುದಕ್ಕಾಗಲಿ, ಬಿಸಿಲಿಗೆ ಹಾಕಿ ಬಡಿಯುವುದಕ್ಕಾಗಲಿ ಯಾರಿಗೂ ಅಪ್ಪಣೆ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಅದು ಅವರ ಮಗಳ, ಅಂದರೆ ಈ ಅಕ್ಕನ ಪಾಲಿಗೆ ಬಂತು. ಆಕೆಯ ಯಜಮಾನರಿಗೆ ವರ್ಗವಾಗಿ, ಹೋದ ಕಡೆ ಮನೆ ಇಕ್ಕಟ್ಟಾಗಿ, ಸ್ವಂತ ಮನೆ ಕಟ್ಟುವವರೆಗೆ ನಿನ್ನ ಹತ್ತಿರ ಇರಲಿ ಎಂದು ತಮ್ಮನಿಗೆ ಒಪ್ಪಿಸಿ ಹೋಗಿದ್ದರು. ಕಾಫಿಪುಡಿಯ ಬಣ್ಣ. ಬರೀ ಬಣ್ಣ, ಚಿತ್ತಾರ ಗಿತ್ತಾರ ಒಂದೂ ಇಲ್ಲ. ಅದರ ಒಂದು ಮೂಲೆಯಲ್ಲಿ ನನ್ನ ಕುರ್ಚಿ.

ಮಾರುವವನು ಯಂತ್ರಕ್ಕೂ ಕೊಳವೆಗೂ ನಡುವೆ ಒಂದು ಬಿಳಿ ಬಟ್ಟೆಯ ತುಂಡು ಸಿಕ್ಕಿಸಿದ. ಗುಂಡಿ ಒತ್ತಿ, ಕೊಳವೆಯ ಮೂತಿಯನ್ನು ರತ್ನಗಂಬಳಿಯ ಮೇಲೆ ಎರಡು ಸಲ ಎಳೆದ. ಬಟ್ಟೆ ಬಿಚ್ಚಿ ತೋರಿಸಿದ. ಅದರ ಮೇಲೆ ಒಂದು ಗುಡ್ಡೆ ಕಂದು ಪುಡಿ. ಆಗಲೇ ಕೆಳಮನೆಯ ಟೈಲರಮ್ಮ ಕತ್ತರಿ ವಾಪಸ್ಸು ಕೊಡಲು ಮೇಲೆ ಬಂದಿದ್ದರು. ಬಟ್ಟೆ ನೋಡಿದರು, ಅಳಿಯಂದಿರನ್ನು ನೋಡಿದರು.

“ಇದರ ಮೇಲೇನಾ ನೀವು ದಿನಾ ಕೂರೋದು? ಹೋದ ವಾರ ನಾನೂ ಕೂತಿದ್ದೆನಲ್ಲ,” ಎಂದು ಅಲ್ಲೇ ನಿಂತು ಹಿಂಬದಿ ಕೊಡವಿಕೊಂಡರು.

ಹೋದ ವಾರದ ಧೂಳನ್ನು ಈ ವಾರ ಕೊಡವಿಕೊಂಡರೆ ಏನು ಬಂತು? ಆದರೆ ಆ ಕೊಡವಿದ ಸದ್ದು ಅಳಿಯಂದಿರಿಗೆ ನಾಟಿತು. ಯಂತ್ರವನ್ನು ಕಂತಿನ ಮೇಲೆ ಅಲ್ಲೇ ಕೊಂಡರು. ಮಗಳು ಒಳಗಿನಿಂದ ಎದ್ದು ಬರುವಷ್ಟರಲ್ಲಿ ಮಾರುವವನು ಮೆಟ್ಟಿಲು ಇಳಿಯುತ್ತಿದ್ದ. ಇಳಿಯುತ್ತ ಹೇಳಿದ, “ಸಾರ್, ಈ ಬಟ್ಟೆ ಯಾವತ್ತು ಬೆಳ್ಳಗೆ ಬರುತ್ತೋ, ಅವತ್ತು ನಿಮ್ಮ ಕಾರ್ಪೆಟ್ ಪೂರ್ತಿ ಕ್ಲೀನ್ ಅಂತ.”

ಮಾರುವವನ ಬಾಯಲ್ಲಿ ಬರುವ ಮಾತು, ಗಾಳಿಗೆ ಬಿಡಬೇಕಾದ್ದು. ಅಳಿಯಂದಿರು ಅದನ್ನು ಸರ್ಕಾರಿ ನಿಯಮವೆಂದು ಸ್ವೀಕರಿಸಿದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಸಂಜೆ ಎನ್ನುವುದು ಹೋಯಿತು. ಡಿಪೋದಿಂದ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಯಂತ್ರ ಅರಚತೊಡಗುತ್ತಿತ್ತು. ರೇಡಿಯೋ ಕೇಳಿಸುವುದಿಲ್ಲ, ಕುಕ್ಕರಿನ ಸೀಟಿ ಕೇಳಿಸುವುದಿಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಮೂಲೆಯಿಂದ ಮೂಲೆಗೆ ಒಮ್ಮೆ. “ಮಾವ, ಕಾಲು” ಎಂದರೆ ನಾನು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಳ್ಳಬೇಕು. “ಮಾವ, ಕುರ್ಚಿ” ಎಂದರೆ ಎದ್ದು ಅಡುಗೆಮನೆಗೆ ಹೋಗಬೇಕು. ಕೊನೆಗೆ ಬಟ್ಟೆ ಬಿಚ್ಚಿ ದೀಪದ ಕೆಳಗೆ ಹಿಡಿಯುತ್ತಿದ್ದರು. ಕಂದು. ಮಾರನೆಯ ದಿನ ಮತ್ತೆ ಕಂದು. ಯಾರೋ ಹೇಳಿದರೆಂದು ರತ್ನಗಂಬಳಿಯನ್ನು ಬೋರಲು ಹಾಕಿ ಬೆನ್ನಿನ ಕಡೆಯಿಂದ ಎಳೆದರು. ಅಡಿಯಲ್ಲಿ ಅಂಗಳಕ್ಕೆ ಹಾಕುವಷ್ಟು ಮರಳು ಉದುರಿತು. ಬಟ್ಟೆ ಮಾತ್ರ ಕಂದು.

ಅದರ ಜೊತೆಗೆ ಸೀನು. ಯಂತ್ರ ಮುಂದಿನಿಂದ ಹೀರಿದ್ದರಲ್ಲಿ ನಯವಾದದ್ದು ಚೀಲದ ಕಣ್ಣುಗಳಿಂದ ನುಸುಳಿ ಹಿಂದಿನಿಂದ ಹೊರಗೆ ಬರುತ್ತಿತ್ತೋ ಏನೋ, ಗುಂಡಿ ಒತ್ತಿದ ಗಳಿಗೆಯಿಂದ ಮನೆಮಂದಿಯೆಲ್ಲ ಸೀನುವುದೇ. ಕಿಟಕಿಯಿಂದ ಇಳಿದು ಟೈಲರಮ್ಮನ ಮನೆಗೂ ಹೋಗುತ್ತಿತ್ತು. ಅವರು ಹೊಲಿಗೆ ಯಂತ್ರದ ಮುಂದೆ ಕೂತು ಸೀನಿ, ಯಾರದೋ ಅಂಗಿಯ ತೋಳನ್ನು ಕಾಲರಿಗೆ ಸೇರಿಸಿ ಹೊಲಿದುಬಿಟ್ಟರಂತೆ. ಮೇಲೆ ಬಂದು ಜಗಳ ತೆಗೆದಾಗ ಅಳಿಯಂದಿರು ಹೇಳಿದ್ದೇನೆಂದರೆ, ಸೀನು ಬರುತ್ತಿದೆಯೆಂದರೆ ಕೊಳೆ ಹೊರಡುತ್ತಿದೆ ಎಂದೇ ಅರ್ಥ, ಇನ್ನು ಕೆಲವು ದಿನ ಸಹಿಸಿಕೊಳ್ಳಿ.

ಕೊಳೆಯನ್ನಾದರೂ ಎಸೆದರೇ? ಇಲ್ಲ. ಡಿಪೋದ ಅಭ್ಯಾಸ. ಸಿಕ್ಕಿದ ವಸ್ತು ಯಾರದೆಂದು ತೀರ್ಮಾನವಾಗುವವರೆಗೆ ಎಸೆಯುವ ಹಾಗಿಲ್ಲ. ಅದಕ್ಕೆ ಆರು ತಿಂಗಳ ವಾಯಿದೆ. ಚೀಲವನ್ನು ಹಳೆ ಬಿಸ್ಕೆಟ್ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ದಾರದಲ್ಲಿ ಚೀಟಿ ಕಟ್ಟುತ್ತಿದ್ದರು. ‘ಹಾಲ್, ಕಿಟಕಿಯ ಕಡೆ.’ ‘ಹಾಲ್, ಮಾವನ ಕುರ್ಚಿಯ ಅಡಿ.’ ಮಗಳು ಅಕ್ಕಿ ಡಬ್ಬಿ ಇಡುವ ಕಪಾಟಿನ ಕೆಳಗಿನ ಅರೆ ಪೂರ್ತಿ ಧೂಳಿನ ಡಬ್ಬಿಗಳಾದವು.

“ರೀ, ಕಸ ಎಸೆಯೋಕೂ ಸಾಕ್ಷಿ ಬೇಕಾ?” ಎಂದು ಅವಳು ಕೇಳಿದಳು.

“ನಮ್ಮ ಕಸ ಆಗಿದ್ದರೆ ಎಸೀಬಹುದಿತ್ತು ಕಣೆ. ಕಾರ್ಪೆಟ್ ಅಕ್ಕಂದು. ಅದರಲ್ಲಿರೋದೂ ಅಕ್ಕಂದೇ,” ಎಂದರು ಅಳಿಯಂದಿರು. ಮಗಳು ನನ್ನ ಮುಖ ನೋಡಿದಳು. ನಾನು ಕಾಲು ಮೇಲೆತ್ತಿಕೊಂಡೆ. ಅಳಿಯನನ್ನು ಹುಡುಕಿದವನು ನಾನೇ ಆದ್ದರಿಂದ ಇಂಥ ಹೊತ್ತಿನಲ್ಲಿ ನನಗೆ ಮಾತು ಇರುವುದಿಲ್ಲ.

ಮಳೆ ಶುರುವಾದ ಮೇಲೆ ಒಂದು ದಿನ ಮಗಳು ನೆಲದ ಮೇಲೆ ಕೂತು ಉಗುರಿನಿಂದ ಏನನ್ನೋ ಕೆರೆಯುತ್ತಿದ್ದಳು. ಟೊಮೇಟೊ ಸಿಪ್ಪೆ ಅಂಟಿದೆ, ಬಿಡುತ್ತಿಲ್ಲ ಎಂದಳು. ನಾನೂ ಬಗ್ಗಿ ನೋಡಿದೆ. ಸಿಪ್ಪೆಯಲ್ಲ, ಕೊಕ್ಕು. ಎರಡು ದಿನ ಕಳೆದು ಕೊಕ್ಕಿನ ಹಿಂದೆ ಕಣ್ಣು ಬಂತು. ಕಣ್ಣಿನ ಹಿಂದೆ ಹಕ್ಕಿ ಬಂತು. ವಾರ ಕಳೆಯುವಷ್ಟರಲ್ಲಿ ಹಸಿರು ನೆಲದ ಮೇಲೆ ಬಳ್ಳಿ, ಬಳ್ಳಿಗೆ ಕೆಂಪು ಹೂ, ಹೂವಿಗೊಂದರಂತೆ ಹಕ್ಕಿ. ನನ್ನ ಕುರ್ಚಿಯ ಅಡಿಯಲ್ಲೂ ಒಂದು ಜೋಡಿ ಇದ್ದವು. ಇಷ್ಟು ವರ್ಷ ನಾನು ಅವುಗಳ ತಲೆಯ ಮೇಲೆ ಕಾಲಿಟ್ಟು ಕೂತಿದ್ದೆ. ಸೀನು ಕಡಿಮೆಯಾಗುತ್ತ ಬಂದು, ಒಂದು ದಿನ ನಿಂತೇ ಹೋಯಿತು. ಟೈಲರಮ್ಮ ದಿನಾ ಸಂಜೆ ಬಂದು, ಇವತ್ತು ಯಾವ ಹಕ್ಕಿ ಬಂತು ಎಂದು ನೋಡಿಕೊಂಡು ಹೋಗತೊಡಗಿದರು. ಅಳಿಯಂದಿರ ಎದೆ ಉಬ್ಬಿತು. ಬಟ್ಟೆ ಇನ್ನೂ ಸ್ವಲ್ಪ ಮಾಸಲಾಗಿಯೇ ಬರುತ್ತಿತ್ತು, ಅಷ್ಟೇ ಕೊರತೆ.

ಆಗ ಅಕ್ಕನ ಫೋನು ಬಂತು. ಮನೆ ಕಟ್ಟಿ ಮುಗಿದಿದೆ, ಶನಿವಾರ ಬಂದು ಕಾರ್ಪೆಟ್ ತೆಗೆದುಕೊಂಡು ಹೋಗುತ್ತೇನೆ ಎಂದರು. ಅಳಿಯಂದಿರು ಹಕ್ಕಿಗಳ ಸುದ್ದಿ ಹೇಳಲಿಲ್ಲ. ಅಕ್ಕ ಕಣ್ಣಾರೆ ಕಂಡು ಬೆರಗಾಗಲಿ ಎಂಬ ಆಸೆ.

ಅಕ್ಕ ಎಂದರೆ ಅವರಿಗೆ ಬರೀ ಅಕ್ಕನಲ್ಲ. ತಾಯಿ ಬೇಗ ಹೋದ ಮನೆ. ತಮ್ಮನ ತಲೆ ಬಾಚಿ, ಗುಂಡಿ ಹಾಕಿ, ಶಾಲೆಗೆ ಕಳಿಸಿ, ಬೆಳೆಸಿ ದೊಡ್ಡವನನ್ನಾಗಿ ಮಾಡಿದವರು ಆಕೆಯೇ. ಈಗಲೂ ಅವರು ಬಂದರೆ ಅಳಿಯಂದಿರು ತಮಗೆ ತಿಳಿಯದೆಯೇ ಕೂದಲು ಸರಿ ಮಾಡಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ಬಂದರು. ಕೈಯಲ್ಲಿ ಪರದೆ ಬಟ್ಟೆಯ ತುಂಡು, ಕಾಫಿಪುಡಿಯ ಬಣ್ಣ. ಹೊಸ ಮನೆಯ ಗೋಡೆ, ಸೋಫಾ, ಪರದೆ ಎಲ್ಲವನ್ನೂ ಅಪ್ಪನ ಕಾರ್ಪೆಟ್ಟಿಗೆ ಹೊಂದುವ ಹಾಗೆ ಮಾಡಿಸಿದ್ದೇನೆ, ಬಣ್ಣದವನ ಹತ್ತಿರ ಗೋಡೆಯನ್ನು ಮೂರು ಸಲ ಅಳಿಸಿ ಬಳಿಸಿದೆ ಎಂದು ಹೇಳುತ್ತ ಹಾಲಿಗೆ ಬಂದವರು ಸುತ್ತ ನೋಡಿದರು.

“ಎಲ್ಲೋ ಕಾರ್ಪೆಟ್ಟು?”

“ಅದರ ಮೇಲೇ ನಿಂತಿದ್ದೀಯಲ್ಲಕ್ಕ.”

ಅಕ್ಕ ಕೆಳಗೆ ನೋಡಿ, ಹಕ್ಕಿಯ ಮೇಲಿಂದ ಕಾಲು ತೆಗೆದರು. ಆಮೇಲೆ ಒಂದು ಕೆಲಸ ಮಾಡಿದರು, ಅದು ನಮಗೆ ಅರ್ಥವಾಗಲಿಲ್ಲ. ರತ್ನಗಂಬಳಿಯ ನಡುವೆ ಕೂತು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಏನನ್ನೋ ಕಾಯತೊಡಗಿದರು. ಕಾದು ಕಾದು ಎದ್ದರು.

“ಇದು ನಮ್ಮದಲ್ಲ ಕಣೋ. ಯಾರಿಗೆ ಕೊಟ್ಟೆ ಹೇಳಿಬಿಡು. ಬೈಯಲ್ಲ.”

ಅಳಿಯಂದಿರು ಯಂತ್ರ ತೋರಿಸಿದರು, ಬಟ್ಟೆ ತೋರಿಸಿದರು. ಯಂತ್ರ ನೋಡಿ ಅಕ್ಕನಿಗೆ ಎಲ್ಲ ತಿಳಿದುಹೋಯಿತು. ಈ ಯಂತ್ರದ ಕಂತು ಕಟ್ಟಲಾರದೆ ಅಪ್ಪನ ಕಾರ್ಪೆಟ್ ಮಾರಿ, ಅದರ ಜಾಗಕ್ಕೆ ಸಂತೆಯಿಂದ ಯಾವುದೋ ಬಣ್ಣಬಣ್ಣದ್ದು ತಂದು ಹಾಸಿದ್ದಾನೆ ಎಂದು. ನಾವೆಲ್ಲ ಅಲ್ಲ ಅಲ್ಲ ಎನ್ನುವಷ್ಟರಲ್ಲಿ ಟೈಲರಮ್ಮ ಮೇಲೆ ಬಂದರು. ಸಹಾಯ ಮಾಡಲೆಂದೇ ಬಂದರು, ಅದರಲ್ಲಿ ಸಂಶಯವಿಲ್ಲ.

“ನಿಮ್ಮ ಮಾತು ನಿಜ. ಮೊದಲು ಇವರ ಮನೇಲಿ ಇದ್ದಿದ್ದು ಕಾಫಿ ಬಣ್ಣದ್ದೇ. ಈ ಹಕ್ಕಿಗಳೆಲ್ಲ ಬಂದಿದ್ದು ಮಳೆ ಶುರುವಾದ ಮೇಲೆ,” ಎಂದರು.

ಕೋರ್ಟಿನಲ್ಲೂ ಇಷ್ಟು ಚೆನ್ನಾಗಿ ಯಾರೂ ನಮ್ಮ ವಿರುದ್ಧ ಸಾಕ್ಷಿ ಹೇಳಲಾರರು. ನಾನು ಹಿರಿಯನೆಂದು ಬಾಯಿ ತೆರೆದೆ. ಅಕ್ಕ ನನ್ನನ್ನು ನಯವಾಗಿಯೇ ಕೂರಿಸಿದರು. “ನೀವು ಮಗಳ ಮನೇಲಿ ಇರೋರು ಬೀಗರೇ. ಅಳಿಯನ ಪರ ಹೇಳದೆ ಇನ್ನೇನು ಹೇಳ್ತೀರಿ?” ಆಮೇಲೆ ತಮ್ಮನ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಅದೇ ಹೆದರಿಕೆಯಾಯಿತು. “ಕಾರ್ಪೆಟ್ ಹೋದರೆ ಹೋಗಲಿ. ನನ್ನ ಮುಖ ನೋಡಿಕೊಂಡು ಸುಳ್ಳು ಹೇಳ್ತಿದ್ದೀಯಲ್ಲ. ನಾನು ಈ ಮೆಟ್ಟಿಲು ಇಳಿದರೆ ಮತ್ತೆ ಹತ್ತೋದಿಲ್ಲ, ತಿಳ್ಕೋ.”

ಅವತ್ತು ಸಂಜೆ ಯಂತ್ರ ಅರಚಲಿಲ್ಲ. ಅಷ್ಟು ದಿನ ಬೇಡಿಕೊಂಡ ನಿಶ್ಶಬ್ದ ಬಂದಾಗ ಒಬ್ಬರಿಗೂ ಅದು ಬೇಕಿರಲಿಲ್ಲ. ಅಳಿಯಂದಿರು ತಟ್ಟೆಯ ಮುಂದೆ ಕೂತು ಹಾಗೇ ಎದ್ದರು. ಕೈ ತೊಳೆಯುತ್ತ, ತಕರಾರು ಬಂದ ವಸ್ತುವನ್ನು ಮೇಲಧಿಕಾರಿಯ ಮುಂದಿಡಬೇಕೆಂದು ನಿಯಮವಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಸೋಮವಾರಕ್ಕೆ ಬಾಡಿಗೆ ಕಾರು ಹೇಳಿದ್ದರಿಂದ ನಮ್ಮಲ್ಲೇ ಉಳಿದಿದ್ದ ಅಕ್ಕ ಒಳಕೋಣೆಯಿಂದಲೇ, “ಕರೆಸು ನಿನ್ನ ಸಾಹೇಬರನ್ನ. ನನಗೇನು ಭಯ?” ಎಂದರು.

ಡಿಪೋದ ಸಾಹೇಬರ ಮನೆ ನಮ್ಮ ಹಿಂದಿನ ರಸ್ತೆಯಲ್ಲೇ. ಭಾನುವಾರ ಬೆಳಿಗ್ಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದವರನ್ನು ಅಳಿಯಂದಿರು ಹಾಗೇ ಕರೆದುಕೊಂಡು ಬಂದರು. ರಜೆಯ ದಿನ ಇದೆಂಥ ಕರ್ಮ ಎಂದು ಗೊಣಗುತ್ತ ಬಂದವರು, ರತ್ನಗಂಬಳಿ ನೋಡಿ, ಬಹಳ ಚೆನ್ನಾಗಿದೆ ಕಣ್ರೀ ಎಂದು ಮೊದಲು ಅದರ ಮೇಲೇ ಕೂತರು. ಟೈಲರಮ್ಮ ಕುರ್ಚಿ ತಾವೇ ತಂದುಕೊಂಡರು. ಅಕ್ಕನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಲಾಯಿತು. ಬೆಳೆಸಿದ ತಮ್ಮನೇ ನಿಲ್ಲಿಸಿದ್ದು. ಬಾಯಿ ತಪ್ಪಿ ‘ಮೇಡಂ’ ಅಂದರು.

ಅಕ್ಕ ಗೋಡೆಗೆ ಹೇಳಿದರು. ಕಾಫಿಪುಡಿಯ ಬಣ್ಣ. ಹೂವಿಲ್ಲ, ಹಕ್ಕಿಯಿಲ್ಲ. ಎತ್ತಿದರೆ ಇಬ್ಬರು ಗಂಡಾಳಿನ ಭಾರ.

ಅಳಿಯಂದಿರು ಒಂದೊಂದನ್ನೂ ರತ್ನಗಂಬಳಿಯ ಮೇಲೆ ಕಣ್ಣಾಡಿಸಿ ತಾಳೆ ನೋಡಿದರು. ಅಲ್ಲಿ ಏನಾಯಿತೋ, ಹಿಂದಿನ ದಿನ ಊಟ ಬಿಟ್ಟ ತಮ್ಮ ಮಾಯವಾಗಿ ಡಿಪೋದ ನೌಕರ ಎದ್ದು ನಿಂತ.

“ಬಣ್ಣ ತಪ್ಪು. ಹಕ್ಕಿ ಹೇಳಲಿಲ್ಲ. ಭಾರವೂ ತಪ್ಪು, ನಾನೊಬ್ಬನೇ ಎತ್ತುತ್ತೀನಿ. ಸಾರ್, ಇದನ್ನ ಇವರಿಗೆ ಕೊಡೋಕಾಗಲ್ಲ.”

ಸಾಹೇಬರು ಅರ್ಧ ಗಡ್ಡ ಕೆರೆದುಕೊಂಡರು. ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು, ಕೈಯಲ್ಲಿ ಸೌಟು. “ರೀ, ಅದು ಅವರದೇ ಅಂತ ನಿನ್ನೆಯಿಂದ ಬಡ್ಕೊಂಡಿದ್ದು ನೀವಲ್ವಾ?”

“ಅವರದೇ ಕಣೆ. ಆದರೆ ಗುರುತು ಹೊಂದಬೇಕಲ್ಲ.”

“ಇವರಿಬ್ಬರಲ್ಲಿ ಯಾರಿಗೆ ಯಾವುದು ಬೇಕು ಅಂತಲೇ ನನಗೆ ತಿಳೀತಿಲ್ಲ,” ಎಂದರು ಸಾಹೇಬರು. “ಇದು ನಂದಲ್ಲ ಅಂತ ಅವರು. ನಿಮಗೆ ಕೊಡಲ್ಲ ಅಂತ ಇವನು. ಜಗಳ ಎಲ್ಲಿದೆ? ಅಮ್ಮಾ, ಇನ್ನೇನಾದರೂ ಗುರುತು ಇದೆಯಾ?”

ಅಕ್ಕ ತಿರುಗಲಿಲ್ಲ. ಗೋಡೆ ನೋಡುತ್ತಲೇ ಹೇಳಿದರು.

“ಕೂತರೆ ಸೀನು ಬರುತ್ತೆ. ಚಿಕ್ಕಂದಿನಿಂದ ಹಾಗೇ. ಅಪ್ಪನ ಪಕ್ಕ ಹೋಗಿ ಕೂತರೆ ಸೀನು. ಓದೋಕೆ ಕೂತರೆ ಸೀನು. ಅಪ್ಪ ಹೋದಮೇಲೂ ಅದರ ಮೇಲೆ ಕೂತಾಗೆಲ್ಲ ಬರ್ತಿತ್ತು. ನಿನ್ನೆ ಕೂತೆ. ಬರಲಿಲ್ಲ.”

ಒಂದು ಸೀನಿಗಾಗಿ ಆಕೆ ಅಷ್ಟು ದೂರದಿಂದ ಬಂದು ಕಣ್ಣು ಮುಚ್ಚಿ ಕೂತಿದ್ದರು. ಸಾಹೇಬರು ಮಾತ್ರ, ಸೀನನ್ನು ಗುರುತು ಎಂದು ಹಿಡಿಯಲು ಇಲಾಖೆಯಲ್ಲಿ ಅವಕಾಶವಿಲ್ಲ ಎಂದು ಗಂಟಲು ಸರಿಮಾಡಿಕೊಂಡರು.

ಸೌಟು ಹಿಡಿದಿದ್ದ ನನ್ನ ಮಗಳಿಗೆ ತಾಳ್ಮೆ ಮುಗಿಯಿತು. “ಕೊಳೆ ತಾನೆ ಬೇಕಾಗಿರೋದು?” ಎಂದಳು. “ಇದೆ ಅತ್ತಿಗೆ. ಒಂದು ಚೂರೂ ಹೊರಗೆ ಹೋಗಿಲ್ಲ. ಅಕ್ಕಿ ಇಡೋಕೆ ಜಾಗ ಇಲ್ಲದ ಹಾಗೆ ಇದೆ.” ಕಪಾಟಿನಿಂದ ಡಬ್ಬಿಗಳನ್ನು ಸೌಟಿನ ಸಮೇತ ಅಪ್ಪಿಕೊಂಡು ತಂದು ನಡುವೆ ಕುಕ್ಕಿದಳು. ‘ಹಾಲ್, ಗೋಡೆಯ ಕಡೆ’ ಎಂಬುದರ ಮುಚ್ಚಳ ಕುಕ್ಕಿದ ಹೊಡೆತಕ್ಕೆ ಎಗರಿತು.

ಮೊದಲು ಹೋದವರು ಸಾಹೇಬರು. ಸೀನಿ ಸೀನಿ ಹಕ್ಕಿಗಳ ಮೇಲೆ ಅಡ್ಡಬಿದ್ದರು. ಟೈಲರಮ್ಮ ಕುರ್ಚಿ ಸಮೇತ ಹಿಂದೆ ಸರಿದರು. ಅಳಿಯಂದಿರು, ಮಗಳು, ಕೊನೆಗೆ ನಾನು. ಅಕ್ಕ ಗೋಡೆ ಹಿಡಿದುಕೊಂಡು ಸೀನಿದರು. ಒಂದಕ್ಕೊಂದು ಹೆಣೆದ ಹಾಗೆ, ಬಿಡುವಿಲ್ಲದೆ, ಸಣ್ಣ ಹುಡುಗಿಯ ಹಾಗೆ ಸೀನಿದರು. ತಿರುಗಿದಾಗ ಕಣ್ಣು ಕೆಂಪು, ಮುಖ ಪೂರ್ತಿ ನೀರು. ಅದರಲ್ಲಿ ಸೀನಿನದೆಷ್ಟು, ಬೇರೆಯದೆಷ್ಟು ಎಂದು ಹೇಳಲು ನನ್ನಿಂದಾಗದು.

“ಇದೇ,” ಎಂದರು.

“ಯಾವುದು, ಕಾರ್ಪೆಟ್ಟಾ?” ಸಾಹೇಬರು ಮೂಗು ಹಿಡಿದುಕೊಂಡು ಕೇಳಿದರು.

“ಅಲ್ಲ. ಡಬ್ಬಿ.”

“ಡಬ್ಬಿ ನಂದಕ್ಕ, ಬಿಸ್ಕೆಟ್ಟಿಂದು,” ಎಂದರು ಅಳಿಯಂದಿರು.

ಅಕ್ಕ ನೆಲದ ಮೇಲೆ ಕೂತು ಡಬ್ಬಿಯನ್ನು ತೊಡೆಗೆ ಎಳೆದುಕೊಂಡರು. ಒಳಗೆ ಕಾಫಿಪುಡಿಯ ಬಣ್ಣದ ಪುಡಿ. ತಂದಿದ್ದ ಪರದೆಯ ತುಂಡನ್ನು ಪಕ್ಕಕ್ಕೆ ಹಿಡಿದು ನೋಡಿದರು. ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ.

“ಅಪ್ಪನ್ನ ಹೀರಿ ಡಬ್ಬಿಗೆ ತುಂಬಿದ್ದೀಯಲ್ಲೋ,” ಎಂದರು.

ಅಳಿಯಂದಿರು ಕೂದಲು ಸರಿ ಮಾಡಿಕೊಂಡರು. “ಎಸೆದಿಲ್ಲವಲ್ಲಕ್ಕ.”

ಅಕ್ಕ ನಗಲು ಹೋಗಿ ಸೀನಿದರು. ಆಮೇಲೆ ತಮ್ಮನ ತಲೆಗೆ ಒಂದು ಮೊಟಕಿದರು. ಆ ಮೊಟಕಿನ ಸದ್ದು ಕೇಳಿದ ಮೇಲೆಯೇ ಮಗಳು ಸೌಟು ಕೆಳಗಿಟ್ಟದ್ದು. ಅಳಿಯಂದಿರು ಒಂದೊಂದೇ ಡಬ್ಬಿಯ ಚೀಟಿ ಬಿಚ್ಚಿ, ಗುರುತು ಸರಿಯಾಗಿದೆ ಎಂದು ಅಕ್ಕನ ಕೈಗೆ ಕೊಟ್ಟರು.

ರತ್ನಗಂಬಳಿ ಅಕ್ಕನಿಗೆ ಬೇಡವಾಯಿತು. ಈ ಹಕ್ಕಿಗಳನ್ನು ಕಾಫಿ ಬಣ್ಣದ ಗೋಡೆಗಳ ನಡುವೆ ಎಲ್ಲಿ ಇಟ್ಟುಕೊಳ್ಳಲಿ, ಯಾವುದಾದರೂ ಸಾದಾ ಕಾರ್ಪೆಟ್ ಕೊಂಡು ಇದನ್ನು ಅದಕ್ಕೆ ತಿಕ್ಕಿಸಿಕೊಳ್ಳುತ್ತೇನೆ, ಹುಳವೂ ಹಿಡಿಯುವುದಿಲ್ಲ ಎಂದರು. ಆಗ ಅಳಿಯಂದಿರಿಗೆ ಹೊಸ ಚಿಂತೆ ಹತ್ತಿತು. ಹಾಗಾದರೆ ಈ ರತ್ನಗಂಬಳಿ ಯಾರದು? ಹಕ್ಕುದಾರರಿಲ್ಲದ ವಸ್ತು, ಆರು ತಿಂಗಳು ಇಡಬೇಕು ಎಂದು ಅದರ ಮೂಲೆಗೆ ಒಂದು ಚೀಟಿ ಕಟ್ಟಿದರು. ಚೀಟಿ ಈಗಲೂ ಇದೆ.

ಸಾಹೇಬರು ಉಳಿದರ್ಧ ಗಡ್ಡಕ್ಕೆ ಓಡಿದ ಮೇಲೆ, ಚೆಲ್ಲಿದ್ದನ್ನು ತೆಗೆಯಲು ಯಂತ್ರ ಹೊರಬಂತು. ಬಿಳಿ ಬಟ್ಟೆ ಮತ್ತೆ ಅಚ್ಚ ಕಂದಾಗಿ ಬಂದದ್ದನ್ನು ಅಳಿಯಂದಿರು ದೀಪದ ಕೆಳಗೆ ಹಿಡಿದು, ನೋಡಿದಿರಾ ಮಾವ, ಇನ್ನೂ ಇದೆ ಎಂದರು. ಮಗಳು ಪ್ಲಗ್ಗು ಕಿತ್ತು, ಕೊಳವೆ ಸುತ್ತಿ, ಯಂತ್ರವನ್ನು ಟೈಲರಮ್ಮನ ಕೈಗಿತ್ತಳು. ತೋಳು ಕಾಲರಿಗೆ ಹೊಲಿದುಕೊಂಡ ಅಂಗಿಗೆ ಪರಿಹಾರವೆಂದು ಅವರೂ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಬಾಡಿಗೆ ಕಾರು ಬಂತು. ಅಕ್ಕ ಹಿಂದಿನ ಸೀಟಿನಲ್ಲಿ ಡಬ್ಬಿಗಳನ್ನು ತೊಡೆಯ ಮೇಲೂ ಪಕ್ಕದಲ್ಲೂ ಇಟ್ಟುಕೊಂಡು ಕೂತರು. ಮಳೆಗಾಲ ಮುಗಿದ ಮೇಲೆ ಮತ್ತೆ ಬರುತ್ತೇನೆ ಎಂದು ತಮ್ಮನಿಗೆ ಹೇಳಿದರು. ಕಾರು ರಸ್ತೆಯ ತಿರುವು ದಾಟುವವರೆಗೂ ಸೀನು ಕೇಳುತ್ತಿತ್ತು. ಒಂದು ಅವರದು, ಒಂದು ಡ್ರೈವರನದು. ನಾನು ಒಳಗೆ ಬಂದು ಹಕ್ಕಿಗಳ ಮೇಲೆ ಕಾಲಿಡಲು ಮನಸ್ಸಾಗದೆ ಕುರ್ಚಿಯನ್ನು ಬರೀ ನೆಲಕ್ಕೆ ಎಳೆದುಕೊಂಡೆ.

ಅವತ್ತು ಸೋಮವಾರ. ಅತ್ತಿಗೆ ಹೋದರು ಎಂದು ಮಗಳು ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಹೋದವರು ಇಬ್ಬರು, ಆಕೆ ಮತ್ತು ನನ್ನ ಬೀಗರು.